ಕೆಡದ ವಸ್ತುವಿನ ದೂರು

ಆ ದೊಡ್ಡ ಅಂಗಡಿಯಲ್ಲಿ ದೂರಿನ ಕೌಂಟರ್ ಇದ್ದದ್ದು ಮೆಟ್ಟಿಲಿನ ಕೆಳಗೆ. ಹೊಸ ಫ್ರಿಜ್ಜು, ಟೀವಿ, ಬಟ್ಟೆ ಒಗೆಯುವ ಯಂತ್ರಗಳೆಲ್ಲ ಮುಂಬಾಗಿಲಿಗೇ ಮದುವಣಗಿತ್ತಿಯರ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಕೆಟ್ಟವು ಮಾತ್ರ ಹಿಂಬಾಗಿಲಿನಿಂದ ಬಂದು ಮೆಟ್ಟಿಲ ಕೆಳಗೆ ಮುಖ ತೋರಿಸಬೇಕು. ಅಲ್ಲಿ ಕೂರುತ್ತಿದ್ದ ಹೆಂಗಸಿಗೆ ಅಂಗಡಿಯವರು ಸಮಾಧಾನಮ್ಮ ಎಂದು ಹೆಸರಿಟ್ಟಿದ್ದರು. ಕೂಗಾಡುತ್ತ ಬಂದವರು ಅವಳ ಮುಂದಿನ ಕುರ್ಚಿಯಲ್ಲಿ ಕೂತು, ಹೋಗುವಾಗ ಅವಳ ಮಕ್ಕಳ ಓದಿನ ವಿಚಾರ ಕೇಳಿ ಹೋಗುತ್ತಿದ್ದರು. ಅವಳಿಗೆ ಮಕ್ಕಳಿರಲಿಲ್ಲ. ಆದರೂ ಚೆನ್ನಾಗಿ ಓದ್ತಿದಾರೆ ಅಂದುಬಿಡುತ್ತಿದ್ದಳು, ಪಾಪ, ಕೇಳಿದವರಿಗೆ ಯಾಕೆ ಬೇಜಾರು ಮಾಡಬೇಕು ಅಂತ.

ಒಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬಳು ಬಂದು ಕುರ್ಚಿ ಎಳೆದುಕೊಂಡಳು. ಕೈಯಲ್ಲಿ ಮಿಕ್ಸಿಯಿಲ್ಲ, ಇಸ್ತ್ರಿಪೆಟ್ಟಿಗೆಯಿಲ್ಲ, ಬಿಲ್ಲೊಂದೇ ಇತ್ತು. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು ಎಂದು ತಾನೇ ಹೇಳಿಕೊಂಡಳು. ಅವಳು ಎಡಗೈಯಲ್ಲಿ ಬರೆಯುವವಳು. ಮೇಜಿನ ಮೇಲಿದ್ದ ಪೆನ್ನನ್ನು ಆಗಲೇ ಆ ಕಡೆಗೆ ಸರಿಸಿಟ್ಟುಕೊಂಡಳು.

"ಏನು ಕೆಟ್ಟಿದೆ ಅಮ್ಮ?"

"ಏನೂ ಕೆಟ್ಟಿಲ್ಲ. ಬಟ್ಟೆ ಒಗೆಯೋ ಮೆಷಿನ್ನು ಬಂಗಾರದ ಹಾಗಿದೆ."

"ಮತ್ತೆ ದೂರು?"

"ನಿಮ್ಮ ಕಂಪನಿ ಚುನಾವಣೆಗೆ ಯಾವ ಪಕ್ಷಕ್ಕೆ ದೇಣಿಗೆ ಕೊಟ್ಟಿದೆ ಅಂತ ಪೇಪರಲ್ಲಿ ಬಂದಿದೆ, ನೋಡಿದ್ಯಾ? ಆ ಪಕ್ಷಕ್ಕೆ ನಾನು ಜನ್ಮದಲ್ಲಿ ಓಟು ಹಾಕಿದವಳಲ್ಲ. ನಾನು ದುಡ್ಡು ಕೊಟ್ಟಿದ್ದು ಮೆಷಿನ್ನಿಗೆ. ನೀವು ಲಾಭ ಮಾಡ್ಕೊಳ್ಳಿ, ಬೇಡ ಅನ್ನಲ್ಲ, ಅಂಗಡಿ ನಡೀಬೇಕಲ್ಲ. ಆದ್ರೆ ಅದರಲ್ಲಿ ಆ ಪಕ್ಷಕ್ಕೆ ಹೋದ ಪಾಲು ಎಷ್ಟೋ ಅಷ್ಟು ನಂಗೆ ವಾಪಸ್ ಬೇಕು."

ಸಮಾಧಾನಮ್ಮ ಮುದುಕಿಯ ಮುಖ ನೋಡಿದಳು. ತಲೆ ಕೆಟ್ಟವಳ ಹಾಗೆ ಕಾಣಲಿಲ್ಲ. ಜ್ವರ ಎಷ್ಟಿದೆ ಎಂದು ಕೇಳಿದಷ್ಟೇ ತಣ್ಣಗೆ ಕೇಳಿದ್ದಳು. ಇಂಥವರಿಗೆ ಒಂದು ಔಷಧಿ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು. ಮುಂದಿನ ಖರೀದಿಗೆ ರಿಯಾಯಿತಿ ಚೀಟಿ. ಅದನ್ನು ತೆಗೆದು ಮುಂದಿಟ್ಟಳು.

"ಇದು ಬೇಡಮ್ಮ," ಎಂದಳು ದಾದಿ. "ಇದು ತಗೊಂಡ್ರೆ ಮತ್ತೆ ನಿಮ್ಮಲ್ಲೇ ಕೊಳ್ಳಬೇಕು. ಅದರಲ್ಲೂ ಅವರಿಗೊಂದು ಪಾಲು ಹೋಗತ್ತೆ. ಸುತ್ತಿ ಸುತ್ತಿ ಅಲ್ಲಿಗೇ ಬಂದ ಹಾಗಾಯ್ತು."

ಸಮಾಧಾನಮ್ಮನಿಗೆ ನಗು ಬಂತು, ನುಂಗಿಕೊಂಡಳು. ದಾದಿಯೂ ಸ್ವಲ್ಪ ಸಡಿಲವಾದಳು. ದುಡ್ಡು ನಿಜಕ್ಕೂ ಬರುತ್ತದೆ ಎಂಬ ಭ್ರಮೆ ತನಗೂ ಇಲ್ಲವೆಂದಳು. ತಾನು ಗ್ರಾಹಕರ ಸಂಘದವಳು. ಚುನಾವಣೆ ದೇಣಿಗೆಗೆ ಮಿತಿ ಹಾಕಬೇಕೋ ಬೇಡವೋ ಎಂದು ಜನರ ಅಭಿಪ್ರಾಯ ಕೇಳಲು ಸರ್ಕಾರದ ಸಮಿತಿಯೊಂದು ಬರುತ್ತಿದೆ. ಅದರ ಮುಂದೆ ಹೇಳುವುದಕ್ಕೆ ಒಂದು ಉತ್ತರ ಬೇಕು. ಆ ದೇಣಿಗೆಯ ಹಣ ಕೊಳ್ಳುವವರು ಕೊಟ್ಟ ಬೆಲೆಯಿಂದ ಹೋಯಿತೋ, ಬೇರೆ ಎಲ್ಲಿಂದಲಾದರೂ ಬಂತೋ? ಬರೆದುಕೊಟ್ಟರೆ ಸಾಕು.

ದಾದಿ ದೂರನ್ನು ತಾನೇ ಬರೆದಳು; ಸಮಾಧಾನಮ್ಮ ಉತ್ತರಕ್ಕೆ ಬರಬೇಕಾದ ದಿನ ಹೇಳಿ, ಅದನ್ನು ಮೇಲಕ್ಕೆ ಕಳಿಸಿದಳು.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ವಿಷಯ ತೆಗೆದಳು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಎಷ್ಟು ತೊಳೆದರೂ ಅವನ ಉಗುರಿನ ಸಂದಿಯಲ್ಲಿ ಯಾರದೋ ಮನೆಯ ಗೋಡೆ ಉಳಿದಿರುತ್ತಿತ್ತು.

"ಅದೆಂಥ ದೂರು?" ಎಂದ. "ಕೈಬಿಟ್ಟ ಮೇಲೆ ದುಡ್ಡು ಅವರದು. ಬಣ್ಣ ಬಳಿದಿದ್ದಕ್ಕೆ ನಂಗೆ ಕೂಲಿ ಕೊಡ್ತಾರೆ. ಆ ದುಡ್ಡಲ್ಲಿ ನಾನು ಸಿನಿಮಾಕ್ಕೆ ಹೋದ್ನಾ, ಯಾವುದೋ ಪಕ್ಷಕ್ಕೆ ಕೊಟ್ನಾ ಅಂತ ಆ ಮನೆಯವರು ಬಂದು ಕೇಳಿದ್ರೆ ನಾನು ಸುಮ್ನಿರ್ತೀನಾ?"

ಅದೂ ಸರಿಯೇ ಅನ್ನಿಸಿತು ಅವಳಿಗೆ.

"ಇಷ್ಟವಿಲ್ಲದಿದ್ರೆ ಬೇರೆ ಅಂಗಡಿಗೆ ಹೋಗ್ಲಿ," ಎಂದರು ಅತ್ತೆ, ಸೊಸೆಯ ತಟ್ಟೆಗೆ ಇನ್ನಷ್ಟು ಬಡಿಸುತ್ತ. "ನಾನು ಸೋಪು ಬದಲಾಯಿಸ್ಲಿಲ್ವಾ?"

"ಬೇರೆಯವರೂ ಕೊಟ್ಟಿದಾರೆ ಅತ್ತೆ. ಪೇಪರಲ್ಲಿ ಎಲ್ಲರ ಹೆಸರೂ ಇದೆ. ನಿಮ್ಮ ಹಳೇ ಸೋಪಿನವರು, ಹೊಸ ಸೋಪಿನವರು, ಇಬ್ಬರೂ."

ಅತ್ತೆ ಸೌಟು ಹಿಡಿದುಕೊಂಡೇ ನಿಂತರು. "ಹೊಸ ಸೋಪಿನವರೂನಾ?" ಎಂದರು, ಯಾರೋ ಹತ್ತಿರದವರು ಕೈಕೊಟ್ಟ ಹಾಗೆ.

ಕೆಲವು ದಿನ ಕಳೆದ ಮೇಲೆ ಒಬ್ಬ ಮುದುಕ ಬಂದ. ಗಡಿಯಾರ ರಿಪೇರಿ ಮಾಡುವವನು. ಮಾತಾಡುವಾಗಲೂ ಒಂದು ಕಣ್ಣು ಕಿರಿದು ಮಾಡಿಕೊಳ್ಳುವ ಅಭ್ಯಾಸ. ಅವನ ಕೈಯೂ ಖಾಲಿ. ಅವನದೂ ಅದೇ ದೂರು, ಪಕ್ಷ ಮಾತ್ರ ಇನ್ನೊಂದು. ಕಂಪನಿ ಜಾಣತನ ಮಾಡಿ ಎರಡೂ ಪಕ್ಷಕ್ಕೆ ಕೊಟ್ಟಿತ್ತು. ದಾದಿ ಪೇಪರಿನ ಒಂದು ಸಾಲು ನೋಡಿ ಉರಿದುಕೊಂಡಿದ್ದರೆ, ಈತ ಅದರ ಕೆಳಗಿನ ಸಾಲು ನೋಡಿ ಉರಿದುಕೊಂಡಿದ್ದ.

"ಕಳೆದ ವಾರ ಒಬ್ಬರು ಅಮ್ಮ ಬಂದು ಇದನ್ನೇ ಕೇಳಿದ್ರು ಯಜಮಾನರೇ," ಎಂದಳು ಸಮಾಧಾನಮ್ಮ.

ಅವನ ಕಿರಿದಾದ ಕಣ್ಣು ಅಗಲವಾಯಿತು. "ಎಡಗೈಯಲ್ಲಿ ಬರೆದ್ಲಾ?"

"ಹೌದು. ಗೊತ್ತಾ ನಿಮ್ಗೆ?"

"ನಮ್ಮಕ್ಕ." ಮತ್ತೆ ಹೇಳಿದ: "ಹಿಂದಿನ ಚುನಾವಣೆಯಿಂದ ಮಾತಿಲ್ಲ ನಮಗೆ. ಅವಳ ಪಕ್ಷ ಗೆದ್ದ ದಿನ ನನ್ನ ಮನೆ ಮುಂದೆ ಬಂದು ಸಿಹಿ ಹಂಚಿದ್ಲು. ಬೇಕಂತಲೇ. ನಾನೂ ಏನೇನೋ ಅಂದೆ, ಅನ್ನಬಾರದ್ದು." ಕುರ್ಚಿ ಬಿಟ್ಟೆದ್ದವನು ಮತ್ತೆ ಕೂತ. "ಉತ್ತರ ತಗೊಳ್ಳೋಕೆ ಅವಳು ಯಾವತ್ತು ಬರ್ತಾಳೆ?"

ಸಮಾಧಾನಮ್ಮ ದಿನ ಹೇಳಿದಳು. ಗ್ರಾಹಕರ ವಿಚಾರ ಬೇರೆಯವರಿಗೆ ಹೇಳಬಾರದು ಎಂಬ ನಿಯಮ ಅಂಗಡಿಯಲ್ಲಿತ್ತು. ಅಕ್ಕತಮ್ಮಂದಿರಿಗೆ ಅದು ಅನ್ವಯಿಸುವುದಿಲ್ಲ ಎಂದು ಅವಳೇ ತೀರ್ಮಾನ ಮಾಡಿಕೊಂಡಳು.

ಆ ದಿನಕ್ಕೆ ಮುಂಚೆ ಮ್ಯಾನೇಜರ್ ಅವಳನ್ನು ಮೇಲಕ್ಕೆ ಕರೆಸಿದರು. ಒಳ್ಳೆಯ ಮನುಷ್ಯ, ಹೊಟ್ಟೆಹುಣ್ಣಿನ ಕಾಯಿಲೆ. ಸದಾ ಬಾಯಲ್ಲೊಂದು ಪೆಪ್ಪರ್‌ಮಿಂಟ್ ಇರುತ್ತಿತ್ತು. ಮುಖ್ಯ ಕಚೇರಿಯಿಂದ ಬಂದಿದ್ದ ಉತ್ತರವನ್ನು ಅವಳ ಕಡೆ ತಳ್ಳಿದರು. ದೇಣಿಗೆಯ ಹೊರೆ ಗ್ರಾಹಕರ ಮೇಲೆ ಕಿಂಚಿತ್ತೂ ಬಿದ್ದಿಲ್ಲ, ಬೀಳುವುದೂ ಇಲ್ಲ ಎಂದು ಬರೆದಿತ್ತು. ಕೆಳಗೆ ದೂರು ವಿಭಾಗದವರ ಸಹಿಗೆ ಜಾಗ.

"ಸಹಿ ಹಾಕಿ ಕೊಟ್ಟುಬಿಡಿ. ಮುಗೀತು," ಎಂದರು.

ಅವಳು ಎರಡು ಸಲ ಓದಿದಳು. "ಹಾಗಾದ್ರೆ ಆ ದುಡ್ಡು ಎಲ್ಲಿಂದ ಬಂತು ಸರ್?"

"ಅದು... ಕಂಪನಿಯದು."

"ಕಂಪನಿಗೆ ಎಲ್ಲಿಂದ ಬಂತು?"

ಮ್ಯಾನೇಜರ್ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದರು. "ನಂಗೇನಮ್ಮ ಗೊತ್ತು? ನಾನು ಮಾರೋನು."

"ಫ್ಯಾನ್ ಹಾಕಿ ನೋಡದೆ ಸರಿಯಾಗಿದೆ ಅಂತ ನಾನು ಯಾವತ್ತೂ ಬರೆದುಕೊಟ್ಟಿಲ್ಲ ಸರ್. ಇದಕ್ಕೆ ಹೇಗೆ ಸಹಿ ಹಾಕ್ಲಿ? ಗೊತ್ತಿರೋರು ಹಾಕ್ಲಿ. ನೀವೇ ಹಾಕಿ ಬೇಕಾದ್ರೆ."

ಅವರು ಪೆನ್ನು ತೆಗೆದರು. ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

"ನೀವು ಕೆಳಗೆ ಹೋಗಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಇಳಿಯುವಾಗ ಅವಳು ಸಂಬಳದ ಲೆಕ್ಕ ಹಾಕತೊಡಗಿದಳು. ಗಂಡನ ಕೆಲಸ ಬಿಸಿಲಿದ್ದರೆ ಉಂಟು, ಮಳೆ ಹಿಡಿದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ಈ ಕುರ್ಚಿಯಿಂದ. ಬೇಕಿತ್ತಾ ನಿನಗೆ ಇದು ಎಂದು ತನ್ನನ್ನೇ ಕೇಳಿಕೊಂಡಳು. ಬೇಕಿರಲಿಲ್ಲ. ಆದರೂ ಹಿಂದಕ್ಕೆ ಹತ್ತಿ ಹೋಗಿ ಸಹಿ ಹಾಕಿ ಬರಲು ಮನಸ್ಸಾಗಲಿಲ್ಲ.

ದಾದಿ ಬರುವ ದಿನ ಗಡಿಯಾರದವನು ಅವಳಿಗಿಂತ ಮೊದಲೇ ಬಂದು ಕೂತಿದ್ದ. ಕ್ಷೌರ ಮಾಡಿಸಿಕೊಂಡಿದ್ದ. ಅಕ್ಕ ಬಂದವಳು ಅವನನ್ನು ನೋಡಿ ನಿಂತಳು. ಒಗೆಯುವ ಯಂತ್ರದ ಮುಚ್ಚಳವೊಂದನ್ನು ಮಾರಾಟದ ಹುಡುಗಿ ಯಾರಿಗೋ ತೆಗೆದು ಹಾಕಿ ತೋರಿಸುತ್ತಿದ್ದಳು. ಆ ಟಪ್ ಟಪ್ ಸದ್ದು ಮೆಟ್ಟಿಲ ಕೆಳಗೂ ಕೇಳುತ್ತಿತ್ತು.

"ನಿಂದೇನು ಕೆಟ್ಟಿದೆ?" ಎಂದಳು ಅಕ್ಕ ಕೊನೆಗೆ.

"ನಿಂದೇನು ಕೆಟ್ಟಿದೆಯೋ ಅದೇ."

"ನಿನ್ನ ಪಕ್ಷಕ್ಕೂ ತಾನೇ ಕೊಟ್ಟಿದಾರೆ. ನಿಂಗೇನು ನೋವು?"

"ನಿನ್ನ ಪಕ್ಷಕ್ಕೂ ಕೊಟ್ಟಿದಾರಲ್ಲ, ಅದೇ ನೋವು."

ದಾದಿ ಪಕ್ಕದ ಕುರ್ಚಿಯಲ್ಲಿ ಕೂತಳು. "ಸಣ್ಣಗಾಗಿದೀಯ," ಎಂದಳು, ಅವನ ಮುಖ ನೋಡದೆ. "ಹಲ್ಲು ತೋರಿಸ್ಕೊಂಡ್ಯಾ?"

"ಕೀಳಿಸಿದೆ."

ಅಷ್ಟರಲ್ಲಿ ಅವರ ಮಾತು ಮತ್ತೆ ದೇಣಿಗೆಯ ಕಡೆಗೆ ಹೊರಳಿತು, ಹೊರಳಿದ್ದೇ ತಡ ಜಗಳವೂ ಶುರುವಾಯಿತು. ಕಂಪನಿಗೆ ಓಟಿಲ್ಲ, ಆದ್ದರಿಂದ ಅದು ಒಂದು ಕಾಸೂ ಕೊಡಕೂಡದು ಎಂಬುದು ಅಕ್ಕನ ವಾದ. ಪೂರ್ತಿ ನಿಲ್ಲಿಸಿದರೆ ಕದ್ದು ಕೊಡುತ್ತಾರೆ ಎಂದ ತಮ್ಮ. ನಿನ್ನಂಥವರು ನನ್ನಂಥವರು ಎಷ್ಟು ಕೊಡಬಲ್ಲೆವೋ ಅಷ್ಟೇ ಅವರೂ ಕೊಡಲಿ, ಎಲ್ಲರಿಗೂ ಕಾಣುವ ಹಾಗೆ ಕೊಡಲಿ ಎಂಬುದು ಅವನ ವಾದ. ಇಬ್ಬರೂ ದನಿ ಏರಿಸಲಿಲ್ಲ. ಎಷ್ಟೋ ದಿನದಿಂದ ಕೂಡಿಟ್ಟ ಮಾತನ್ನು ಯಾವುದೋ ಒಂದು ನೆಪದಲ್ಲಿ ಖರ್ಚು ಮಾಡುತ್ತಿರುವ ಹಾಗಿತ್ತು. ಸಮಾಧಾನಮ್ಮ ತನ್ನ ಪಾಲಿನ ಚಹಾ ತರಿಸಿ ಎರಡು ಲೋಟಕ್ಕೆ ಹಂಚಿ ಇಟ್ಟಳು.

"ಉತ್ತರ ಬಂತೇನಮ್ಮ?" ಎಂದು ದಾದಿ ಅವಳ ಕಡೆ ತಿರುಗಿದಳು.

"ಬಂದಿದೆ ಅಮ್ಮ. ಅದಕ್ಕೆ ಸಹಿ ಹಾಕೋರು ಸಿಗಲಿಲ್ಲ."

ಇಬ್ಬರೂ ಅವಳನ್ನೇ ನೋಡಿದರು. ಅವಳು ನಡೆದದ್ದನ್ನು ಹೇಳಿದಳು, ಮ್ಯಾನೇಜರರ ಪೆನ್ನಿನ ಮುಚ್ಚಳ ಒಂದನ್ನು ಬಿಟ್ಟು.

"ಅದನ್ನೇ ಬರೆದುಕೊಡ್ತೀಯಾ?" ಎಂದು ಗಡಿಯಾರದವನು ಕೇಳಿದ. "ತೊಂದರೆ ಆಗೋ ಹಾಗಿದ್ರೆ ಬೇಡ."

ತೊಂದರೆ ಆಗಬಹುದು ಎಂದು ಅವಳಿಗೆ ಗೊತ್ತಿತ್ತು. ಒಂದು ಹಾಳೆ ತೆಗೆದು, "ದೇಣಿಗೆಯ ಹಣ ಎಲ್ಲಿಂದ ಬಂತೆಂದು ವಿಚಾರಿಸಿದೆ. ಈ ಅಂಗಡಿಯಲ್ಲಿ ತಿಳಿದವರು ಯಾರೂ ಇಲ್ಲ," ಎಂದು ಬರೆದು ಸಹಿ ಹಾಕಿದಳು. ಸುಳ್ಳೊಂದೂ ಇಲ್ಲ, ಯಾರ ಮೇಲೆ ಚಾಡಿಯೂ ಇಲ್ಲ ಎಂದು ಇನ್ನೊಮ್ಮೆ ಓದಿ ನೋಡಿಯೇ ಕೊಟ್ಟಳು.

ಸಮಿತಿ ಕೂತದ್ದು ಅವಳ ವಾರದ ರಜೆಯ ದಿನ. ಹೋಗದಿದ್ದರೂ ನಡೆಯುತ್ತಿತ್ತು, ಆದರೆ ಮನಸ್ಸು ಕೇಳಲಿಲ್ಲ. ನಗರಸಭೆಯ ಹಳೆಯ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಳು. ವ್ಯಾಪಾರಿಗಳ ಪರವಾಗಿ ಬಂದಿದ್ದ ವಕೀಲರು ಚೆನ್ನಾಗಿ ಮಾತಾಡಿದರು. ತನ್ನ ಹಣ ತನಗೆ ಬೇಕಾದವರಿಗೆ ಕೊಡುವುದು ಸ್ವಾತಂತ್ರ್ಯ, ಅದಕ್ಕೆ ಬೇಲಿ ಹಾಕಬಾರದು ಎಂದರು. ಗಂಡ ಹೇಳಿದ್ದೇ ಮಾತು, ಕೋಟು ಹಾಕಿಕೊಂಡು ಬಂದಿತ್ತು.

ಅಕ್ಕತಮ್ಮ ಒಟ್ಟಿಗೇ ಎದ್ದು ನಿಂತರು. ಮೊದಲು ಅಕ್ಕ ಪೂರ್ತಿ ನಿಷೇಧ ಕೇಳಿದಳು, ಅವಳು ಕೂತ ಮೇಲೆ ತಮ್ಮ ಮಿತಿ ಸಾಕೆಂದ. ಸಮಿತಿಯ ಹಿರಿಯರೊಬ್ಬರು ನಕ್ಕು, "ನೀವಿಬ್ಬರೂ ಮನೆಯಲ್ಲೇ ತೀರ್ಮಾನ ಮಾಡ್ಕೊಂಡು ಬರಬಹುದಿತ್ತು," ಎಂದರು. ಆಮೇಲೆ ಅವರೂ ಅತ್ತೆ ಕೇಳಿದ್ದನ್ನೇ ಕೇಳಿದರು: "ಹಿಡಿಸದಿದ್ದರೆ ಬೇರೆ ಅಂಗಡಿಗೆ ಹೋಗಬಹುದಲ್ಲ?"

"ಹೋಗಿದ್ದೆ ಸ್ವಾಮಿ," ಎಂದಳು ದಾದಿ. "ಎಲ್ಲ ಅಂಗಡಿಗೂ ಹೋಗಿ ಬಂದೆ. ಕೊಡದವರು ಯಾರೂ ಸಿಗಲಿಲ್ಲ. ಒಂದೇ ಒಂದು ಅಂಗಡಿ ಸಿಕ್ಕಿದ್ರೂ ನಾನು ಇವತ್ತು ಇಲ್ಲಿಗೆ ಬರ್ತಿರಲಿಲ್ಲ. ನಾನು ಬರಿಗೈಯಲ್ಲಿ ಬಟ್ಟೆ ಒಗೆಯೋಕಾಗಲ್ಲ, ಬೆರಳು ಮಡಚಲ್ಲ."

ಹಿರಿಯರು ತಲೆಯಾಡಿಸಿದರು. ಸಮಾಧಾನಮ್ಮ ಬರೆದುಕೊಟ್ಟ ಎರಡು ಸಾಲನ್ನೂ ಅವರು ಓದಿಸಿದರು. ಸಭೆಯಲ್ಲಿ ಅಲ್ಲಲ್ಲಿ ನಗು ಎದ್ದಿತು. ವಕೀಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಒಬ್ಬಳ ಕಿವಿ ಬಿಸಿಯಾದದ್ದನ್ನು ಯಾರೂ ಗಮನಿಸಲಿಲ್ಲ.

ಕೆಲಸವೇನೂ ಹೋಗಲಿಲ್ಲ. ಆದರೆ ಮುಂದಿನ ವಾರವೇ ಅವಳನ್ನು ಉಗ್ರಾಣಕ್ಕೆ ಹಾಕಿದರು. ಅಲ್ಲಿ ರಟ್ಟಿನ ಪೆಟ್ಟಿಗೆಗಳ ಜೊತೆ ಕಳೆಯಬೇಕು. ಅವು ದೂರೂ ಹೇಳುವುದಿಲ್ಲ, ಮಕ್ಕಳನ್ನೂ ವಿಚಾರಿಸುವುದಿಲ್ಲ. ಮಾತಿಲ್ಲದೆ ಅವಳಿಗೆ ದಿನ ಉದ್ದವಾಯಿತು. ಮಧ್ಯಾಹ್ನದ ಹೊತ್ತಿಗೆ ತಾನೇ ಗೊಣಗಿಕೊಳ್ಳುವುದು ಅಭ್ಯಾಸವಾಯಿತು. ಮೆಟ್ಟಿಲ ಕೆಳಗೆ ಹೊಸದಾಗಿ ಕೂತ ಹುಡುಗ ನಿಯಮದಲ್ಲಿ ಬಲು ಗಟ್ಟಿ. ಬಂದವರ ಕೂಗಾಟ ಮೇಲಿನ ಮಹಡಿಯವರೆಗೂ ಕೇಳಿಸತೊಡಗಿತು. ಮಳೆಗಾಲ ಮುಗಿಯುವ ಮೊದಲೇ ಮ್ಯಾನೇಜರ್ ಉಗ್ರಾಣಕ್ಕೆ ಇಳಿದು ಬಂದರು.

"ನಾಳೆಯಿಂದ ನಿಮ್ಮ ಜಾಗಕ್ಕೇ ಬನ್ನಿ," ಎಂದರು. "ನನ್ನ ಹೊಟ್ಟೆ ಇನ್ನು ತಡೆಯಲ್ಲ." ಅವತ್ತಿನ ಕಾಗದದ ಮಾತು ಇಬ್ಬರೂ ಎತ್ತಲಿಲ್ಲ.

ಸಮಿತಿಯ ವರದಿ ಬಂದು ಕಾನೂನು ಆಗಲು ಇನ್ನೊಂದು ವರ್ಷ ಹಿಡಿಯಿತು. ಮಿತಿಯೇನೋ ಬಂತು, ಆದರೆ ಸಂಘದವರು ಕೇಳಿದ್ದಕ್ಕಿಂತ ಬಹಳ ಸಡಿಲವಾಗಿ. ಕಂಪನಿ ಎಷ್ಟು ಕೊಟ್ಟಿತು, ಆ ಹಣ ಎಲ್ಲಿಂದ ಬಂತು ಎಂದು ಗ್ರಾಹಕರು ಕೇಳಿದರೆ ಮುಚ್ಚಿಡದೆ ಹೇಳಬೇಕು ಎಂದೂ ಅದರಲ್ಲಿತ್ತು. ಅಕ್ಕನಿಗೆ ಸಾಲಲಿಲ್ಲ, ತಮ್ಮ ಇಷ್ಟಾದರೂ ಆಯಿತಲ್ಲ ಎಂದ. ಅದರ ಮೇಲೆ ಮತ್ತೆ ಜಗಳವಾಡಿದರಂತೆ. ಈ ಸಲ ಒಂದೇ ಮನೆಯಲ್ಲಿ ಕೂತು, ಊಟ ಮಾಡುತ್ತ. ಓಟು ಮಾತ್ರ ಇಬ್ಬರದೂ ಅವರವರ ಹಳೆಯ ಪಕ್ಷಕ್ಕೇ.

ಅತ್ತೆ ಪೇಪರು ಓದಿಸಿಕೊಂಡು ಕೇಳಿದರು: "ಹಾಗಾದ್ರೆ ಇನ್ನು ಸೋಪಿನ ಬೆಲೆ ಇಳಿಯತ್ತಾ?"

"ಇಲ್ಲ ಅತ್ತೆ. ಇಳಿಯೋ ಹಾಗೆ ಕಾಣಲ್ಲ."

"ಮತ್ತೆ ಬಂದ ಭಾಗ್ಯ ಏನು?"

ಗಂಡ ಉಗುರು ಕೆರೆಯುವುದನ್ನು ನಿಲ್ಲಿಸಿ ಹೆಂಡತಿಯ ಕಡೆ ನೋಡಿದ, ಅವಳೇನು ಹೇಳುತ್ತಾಳೋ ಎಂದು. ಸಮಾಧಾನಮ್ಮ ಯೋಚಿಸಿದಳು.

"ಇನ್ನು ಮೇಲೆ ಯಾರಾದ್ರೂ ಬಂದು ಕೇಳಿದ್ರೆ," ಎಂದಳು, "ಗೊತ್ತಿಲ್ಲ ಅನ್ನೋ ಹಾಗಿಲ್ಲ. ತಿಳ್ಕೊಂಡು ಹೇಳಬೇಕು. ನಂಗೆ ಕೆಲಸ ಜಾಸ್ತಿಯಾಯ್ತು, ಅಷ್ಟೇ."

ಹಾಗೆಂದರೂ ಅವಳ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.