ಎರಡು ಮನೆಯ ಸಕ್ಕರೆ

ಮೂವತ್ತು ವರ್ಷ ಊರವರ ಕರೆಂಟು ಮೀಟರ್ ಓದಿ ನಿವೃತ್ತರಾದ ಮೀಟರ್ ತಾತನಿಗೆ ಈಗ ಓದಲು ಉಳಿದದ್ದು ತಮ್ಮದೇ ರಕ್ತ. ಒಂದು ತಿಂಗಳು ಮಗನ ಮನೆ, ಒಂದು ತಿಂಗಳು ಮಗಳ ಮನೆ. ಎಲ್ಲಿದ್ದರೂ ಬೆಳಿಗ್ಗೆ ಎದ್ದು ಬೆರಳು ಚುಚ್ಚಿ ಸಕ್ಕರೆಯ ಅಂಕಿ ಬರೆದಿಡುವುದು. ಮಗಳಲ್ಲಿ ನೂರಿಪ್ಪತ್ತರ ಆಸುಪಾಸು, ಮಗನಲ್ಲಿ ನೂರೆಂಬತ್ತು.

ಪುಸ್ತಕ ನೋಡಿದ ಡಾಕ್ಟರು, "ಮುಂದಿನ ತಿಂಗಳಿಂದ ಮಗಳ ಮನೇಲೇ ಇದ್ದುಬಿಡಿ" ಎಂದರು.

ಮಗಳು ಒಳ್ಳೆಯವಳೇ. ಆದರೆ ಒಂಟಿ ಜೀವ. ಬ್ಯಾಂಕಿನಿಂದ ಬಂದು ಏಳಕ್ಕೆ ಊಟ ಮುಗಿಸಿದಳೆಂದರೆ ಆ ಮನೆಯಲ್ಲಿ ಮಾತಾಡುವುದು ಫ್ರಿಜ್ಜು ಮಾತ್ರ. ಮಗನ ಮನೆಯಲ್ಲಿ ಐದು ಜನ, ಹತ್ತು ಜಗಳ. ತಾತನಿಗೆ ಆ ಗಲಾಟೆಯೇ ಬೇಕು.

"ಮಾವ ಕದ್ದು ತಿಂತಿದಾರೆ, ಬೇರೇನಿಲ್ಲ," ಎಂದಳು ಸೊಸೆ. "ಸಕ್ಕರೆ ಡಬ್ಬ ಅಟ್ಟಕ್ಕೇರಿಸಿದೀನಿ."

"ಮೆಟ್ಟಿಲಿಗೇ ಮೊಣಕಾಲು ಬಗ್ಗಲ್ಲ, ಅಟ್ಟ ಎಲ್ಲಿ ಹತ್ಲಿ ತಾಯಿ?"

ಬೀಗ ಹಾಕಿದ ಮನೆಯಲ್ಲಿ ಮೀಟರ್ ತಿರುಗುತ್ತಿದ್ದರೆ ಒಂದೊಂದೇ ಸ್ವಿಚ್ ಆರಿಸಿ ಕಾರಣ ಹುಡುಕುವುದು ತಾತನ ಹಳೆಯ ಪದ್ಧತಿ. ಅದನ್ನೇ ಹಿಡಿದರು. ಮೂರು ದಿನ ಹಾಲು ಬಿಟ್ಟರು. ಮೂರು ದಿನ ಹಣ್ಣು ಬಿಟ್ಟರು. ಮೂರು ದಿನ ಟೀವಿಯನ್ನೂ ಬಿಟ್ಟರು. ಅಂಕಿ ಜಪ್ಪಯ್ಯ ಎಂದರೂ ಇಳಿಯಲಿಲ್ಲ.

ಹತ್ತನೆಯ ದಿನ ಮಗ ಅಂಗಡಿಗೆ ಸರಕು ತರಲು ಪರಸ್ಥಳಕ್ಕೆ ಹೋದ. ಕಾಯುವವರಿಲ್ಲವೆಂದು ಎಲ್ಲರೂ ಏಳಕ್ಕೇ ಉಂಡರು. ಮರುದಿನ ಬೆಳಿಗ್ಗೆ ನೂರಮೂವತ್ತು. ತಾತ ನಂಬದೆ ಇನ್ನೊಂದು ಬೆರಳು ಚುಚ್ಚಿಕೊಂಡರು. ಅದೇ.

"ಕಳ್ಳ ಸಿಕ್ಕಿದ ಕಣಮ್ಮ."

"ಯಾರು ಮಾವ?"

"ನಿನ್ನ ಗಂಡ."

ಕೊನೆಯವರು ಬರುವ ತನಕ ಯಾರೂ ತಟ್ಟೆ ಮುಟ್ಟಬಾರದೆಂಬುದು ಆ ಮನೆಯ ಕಟ್ಟಳೆ. ಅದನ್ನು ಮಾಡಿದವರೂ ತಾತನೇ. ಮಗ ಅಂಗಡಿ ಮುಚ್ಚಿ ಬರುವಾಗ ಹತ್ತಾಗುತ್ತಿತ್ತು. ಉಂಡ ಕೈ ಒಣಗುವ ಮುಂಚೆ ನಿದ್ದೆ.

ಆವತ್ತಿನಿಂದ ತಾತ ಏಳಕ್ಕೆ ಒಬ್ಬರೇ ಉಂಡು, ಹತ್ತಕ್ಕೆ ನೀರಿನ ಲೋಟ ಹಿಡಿದು ಎಲ್ಲರ ನಡುವೆ ಕೂರತೊಡಗಿದರು.

"ನೀವು ಹೀಗೆ ನೋಡ್ತಾ ಕೂತ್ರೆ ನಮಗೆ ಗಂಟಲಲ್ಲಿ ಇಳಿಯಲ್ಲ ಅಪ್ಪ," ಎಂದ ಮಗ.

"ಇಳಿಸ್ಕೋ. ನಾನೇನು ನಿನ್ನ ತುತ್ತು ಎಣಿಸ್ತಿಲ್ಲ."

ತಿಂಗಳ ಕೊನೆಗೆ ಅಂಕಿ ನೂರಿಪ್ಪತ್ತೈದು. ಡಾಕ್ಟರು ಒಪ್ಪಿದರು. ತಾತ ಹಿಗ್ಗಿನಲ್ಲಿ ಮಗಳಿಗೆ ಫೋನು ಹಚ್ಚಿ, "ಇನ್ನು ಇಲ್ಲೇ ಇರ್ತೀನಮ್ಮ, ನಿನಗೂ ಕಾಟ ತಪ್ಪಿತು," ಎಂದರು.

ಮಗಳು, "ಸಂಜೆ ಬ್ಯಾಂಕಿಂದ ನೇರ ಅಲ್ಲಿಗೇ ಬರ್ಲಾ ಅಪ್ಪ? ಏಳಕ್ಕೆ ಜೊತೆಗೆ ಊಟ ಮಾಡಬಹುದು," ಎಂದಳು.

ತಾವಿಲ್ಲದ ತಿಂಗಳುಗಳಲ್ಲಿ ಅವಳು ಹೇಗೆ ಉಣ್ಣುತ್ತಿದ್ದಳೆಂದು ತಾತ ಒಮ್ಮೆಯೂ ಕೇಳಿರಲಿಲ್ಲ.