ಹಲ್ಲು ಕಟ್ಟಿಸುವ ನ್ಯಾಯ

ನನ್ನ ಮಗಳು ಬಿಂದುಶ್ರೀಯ ಮುಂದಿನ ಹಲ್ಲು ಬಿದ್ದದ್ದು ನಿಡಘಟ್ಟದ ಅವಳ ಗಂಡನ ಮನೆಯ ಬಚ್ಚಲಲ್ಲಿ, ಕಾಲು ಜಾರಿ. ಯಾರು ಕೇಳಿದರೂ ಹಾಗೇ ಹೇಳಬೇಕು ಅಂತ ಹಿರಿಯರು ಕೂತು ಮಾಡಿದ ನ್ಯಾಯದಲ್ಲಿ ತೀರ್ಮಾನವಾಗಿತ್ತು. ಆ ಬಚ್ಚಲಿಗೆ ಎರಡು ಕೈಗಳಿದ್ದವು, ಬಲಗೈಯಲ್ಲಿ ನಾವೇ ಮದುವೆಯಲ್ಲಿ ಹಾಕಿದ ಉಂಗುರವಿತ್ತು ಅನ್ನುವುದು ನ್ಯಾಯಕ್ಕೆ ಕೂತವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಮ್ಮನೆ ಕಾಫಿ ಕುಡಿದರು, ಸಕ್ಕರೆ ಕಮ್ಮಿ ಅಂದರು.

ನಾನು ಮಳವಳ್ಳಿಯಲ್ಲಿ ರವಿಕೆ ಹೊಲಿಯುವವಳು. ಬಾಯಿ ಜೋರು ಅಂತ ಬೀದಿಗೆಲ್ಲ ಹೆಸರುವಾಸಿ. ಆವತ್ತು ಮಾತ್ರ ನನ್ನನ್ನು ಅಡುಗೆಮನೆಯಿಂದಾಚೆ ಬರಬೇಡ ಅಂದಿದ್ದರು. ಬಾಗಿಲ ಸಂದಿಯಲ್ಲೇ ನಿಂತು ಕೇಳಿಸಿಕೊಂಡೆ. ಅಳಿಯ ಸಿದ್ದೇಶನ ದೊಡ್ಡಪ್ಪ ಪುಟ್ಟಮಾದಯ್ಯನವರು ದೊಡ್ಡ ಮನುಷ್ಯರ ಹಾಗೆ ಗಂಟಲು ಸರಿಮಾಡಿಕೊಂಡು, ಆಗಿದ್ದು ಆಗಿಹೋಯಿತು, ಹಲ್ಲು ಕಟ್ಟಿಸುವ ಖರ್ಚು ನಮ್ಮದು, ಕಟ್ಟಿಸಿದ ಮೇಲೆ ಹುಡುಗಿಯನ್ನು ಕಳಿಸಿಕೊಡಿ ಅಂದರು. ಬೋಳು ಬಾಯಲ್ಲಿ ಬಂದರೆ ಊರಲ್ಲಿ ಮಾತಾಗುತ್ತದಂತೆ. ಅಲ್ಲಿಯವರೆಗೆ ಮೊಮ್ಮಗಳು ತೇಜು ಅವರ ಮನೆಯಲ್ಲೇ ಇರಲಿ ಅಂದರು. ಮೂರು ವರ್ಷದ ಕೂಸನ್ನು ಹೀಗೆ ಅಡ ಇಟ್ಟುಕೊಂಡದ್ದಕ್ಕೆ ನನ್ನ ಗಂಡ ಪುಟ್ಟರಾಜು ತಲೆಯಾಡಿಸಿದರು. ಆ ಮನುಷ್ಯ ಬಸ್ಸಲ್ಲಿ ಯಾರಾದರೂ ಕಾಲು ತುಳಿದರೂ ತಲೆಯಾಡಿಸುವವರು. ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಅಂತ ನಾನು ಆಮೇಲೆ ಕಿರುಚಾಡಿದೆ. ಬಿಂದು ಬೇಡ ಅಂದಳು. ಹಾಗೆ ಮಾಡಿದರೆ ಮಗುವಿನ ಮುಖವನ್ನೂ ತೋರಿಸುವುದಿಲ್ಲ ಅವರು, ನಿನಗೆ ಗೊತ್ತಿಲ್ಲ ಅಂದಳು.

ಗಾಯ ಮಾಯುವವರೆಗೆ ಅವಳು ಮನೆಯಲ್ಲಿದ್ದಳು. ದುಪಟ್ಟಾದ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ಓಡಾಡುತ್ತಿದ್ದಳು. ರವಿಕೆ ಅಳತೆ ಕೊಡಲು ಬಂದ ಹೆಂಗಸರು ಮಾತಾಡಿಸಿದರೆ ಕಣ್ಣಲ್ಲೇ ನಗುತ್ತಿದ್ದಳು. ಸಣ್ಣವಳಿದ್ದಾಗ ಇವಳು ನಕ್ಕರೆ ಬೀದಿ ಕೊನೆಗೆ ಕೇಳಿಸುತ್ತಿತ್ತು, ಮೆಲ್ಲಗೆ ನಗೇ ಅಂತ ನಾನೇ ಗದರುತ್ತಿದ್ದೆ. ಸಂಜೆ ಹೊತ್ತು ಅವಳ ಅತ್ತೆ ಮನಸ್ಸಾದರೆ ವಿಡಿಯೋ ಕಾಲ್ ಮಾಡಿ ತೇಜುವನ್ನು ತೋರಿಸುತ್ತಿದ್ದರು. ಅವ್ವಾ ಬಾಯಿ ತೋರಿಸು ಅಂತ ಮಗು ಹಟ ಹಿಡಿಯುತ್ತಿತ್ತು. ಇವಳು ದುಪಟ್ಟಾ ತೆಗೆಯುತ್ತಿರಲಿಲ್ಲ. ಮಗು ಅಳುವುದಕ್ಕೆ ಶುರು ಮಾಡಿದರೆ ಅತ್ತೆ ಫೋನ್ ಕಟ್ ಮಾಡುತ್ತಿದ್ದರು. ಆ ಕತ್ತಲಾದ ಫೋನನ್ನು ಇವಳು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದಳು.

ನಮ್ಮೂರ ಹಲ್ಲಿನ ಡಾಕ್ಟರ್ ಜಾಕಿಯಾ ಚಿಕ್ಕ ವಯಸ್ಸಿನ ಹುಡುಗಿ. ನನ್ನ ಹತ್ತಿರವೇ ರವಿಕೆ ಹೊಲಿಸುವವಳು. ಹೇಗೆ ಬಿತ್ತು ಅಂತ ಕೇಳಿದಳು. ಬಚ್ಚಲಲ್ಲಿ ಜಾರಿ ಅಂತ ಬಿಂದು ಒಪ್ಪಿಸಿದಳು. ಡಾಕ್ಟರ್ ಮೇಲ್ತುಟಿಯನ್ನು ಎತ್ತಿ ಒಳಗಿನ ಹೊಲಿಗೆಯ ಗುರುತು ನೋಡಿ, ಇನ್ನೂ ಕರಗದ ದವಡೆಯ ಕಪ್ಪು ನೋಡಿ, ನನ್ನ ಮುಖ ನೋಡಿದಳು. ಹೌದು ಕಣಮ್ಮ, ನೀನು ಅಂದುಕೊಂಡಿದ್ದೇ ಸರಿ ಅಂದುಬಿಟ್ಟೆ. ಬಿಂದು ಕುರ್ಚಿಯಿಂದಲೇ ನನ್ನ ಕೈ ಚಿವುಟಿದಳು.

ಡಾಕ್ಟರ್ ಮೇಜಿನ ಮೇಲಿದ್ದ ಬೊಂಬೆ ದವಡೆ ತೆಗೆದು ಮೂರು ದಾರಿ ಹೇಳಿದಳು. ಒಂದು, ಬೇಕಾದಾಗ ಹಾಕಿ ಬೇಡದಾಗ ತೆಗೆಯುವ ಹಲ್ಲು. ಅಂಗುಳಕ್ಕೆ ಅಂಟಿಕೊಳ್ಳುವ ತೆಳ್ಳನೆ ತಗಡಿನಂಥ ಪ್ಲೇಟಿಗೆ ಒಂದು ಹಲ್ಲು ಕೂರಿಸಿರುತ್ತಾರೆ, ರಾತ್ರಿ ತೆಗೆದು ನೀರಲ್ಲಿ ಇಡಬೇಕು. ಎರಡನೆಯದು ಬ್ರಿಜ್ಜು. ಅಕ್ಕಪಕ್ಕದ ಎರಡು ಹಲ್ಲನ್ನು ತೇಯ್ದು, ಮೂರಕ್ಕೂ ಸೇರಿಸಿ ಟೋಪಿ ಹಾಕಿದ ಹಾಗೆ ಕಟ್ಟುವುದು. ಗಟ್ಟಿಯಾಗಿರುವ ಎರಡು ಹಲ್ಲನ್ನು ತೇಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ ಅಂದಳು. ಮೂರನೆಯದು ಇಂಪ್ಲಾಂಟು. ದವಡೆಯ ಮೂಳೆಗೇ ಒಂದು ತಿರುಪು ಕೂರಿಸಿ, ಮೂಳೆ ಅದನ್ನು ಹಿಡಿದುಕೊಂಡ ಮೇಲೆ ಹಲ್ಲು ಹಾಕುವುದು. ಸ್ವಂತ ಹಲ್ಲಿನ ಹಾಗೇ ಇರುತ್ತದೆ, ಆದರೆ ಎಲ್ಲ ಮುಗಿಯುವುದಕ್ಕೆ ಆರು ತಿಂಗಳು ಹಿಡಿಯಬಹುದು ಅಂದಳು.

ಆರು ತಿಂಗಳು ಅಂದದ್ದೇ ನನ್ನ ಜೀವ ಕುಣಿದಾಡಿತು. ಹಲ್ಲು ಕಟ್ಟಿಸಿದ ಮೇಲೆ ತಾನೇ ಕಳಿಸಬೇಕಾದ್ದು? ನ್ಯಾಯ ಹೇಳಿದ ದೊಡ್ಡ ಮನುಷ್ಯರು ಎಂಥ ಹಲ್ಲು ಅಂತ ಹೇಳಿರಲಿಲ್ಲವಲ್ಲ. ಮೂಳೆ ಹಿಡಿಯಬೇಕು ಸ್ವಾಮಿ, ಡಾಕ್ಟರನ್ನೇ ಕೇಳಿ ಅನ್ನಬಹುದು. ಅಷ್ಟರಲ್ಲಿ ಮದ್ದೂರಿನ ವಕೀಲರನ್ನು ನೋಡಬಹುದು, ತೇಜುವನ್ನು ಕರೆತರಬಹುದು, ಇವಳಿಗೂ ಒಂದು ಹೊಲಿಗೆ ಮಿಷನ್ ಹಾಕಿಕೊಡಬಹುದು. ಅಷ್ಟು ದಿನ ಮಗಳು ನನ್ನ ಕಣ್ಣೆದುರು ಇದ್ದರೆ ಆ ಮನೆಯ ಕಡೆ ಮತ್ತೆ ಮುಖ ಹಾಕದ ಹಾಗೆ ಮಾಡಿಬಿಡುತ್ತೇನೆ ಅಂದುಕೊಂಡೆ. ತಿರುಪಿನದೇ ಹಾಕಮ್ಮ ಅಂದೆ.

ಬಿಂದು ದುಪಟ್ಟಾ ಸರಿಸಿ, ಮೊದಲನೆಯದು ಎಷ್ಟು ದಿನಕ್ಕೆ ಸಿಗುತ್ತದೆ ಅಂತ ಕೇಳಿದಳು. ಎರಡು ಮೂರು ದಿನ ಅಂದಳು ಡಾಕ್ಟರ್. ಅದೇ ಸಾಕು ಅಂದಳು ಇವಳು.

ಆಚೆ ಬಂದ ಮೇಲೆ ಬಸ್‌ಸ್ಟ್ಯಾಂಡಿನವರೆಗೂ ಬೈದೆ. ತಲೆ ಕೆಟ್ಟಿದೆಯಾ, ಹೊಡೆಸಿಕೊಳ್ಳುವುದಕ್ಕೆ ಇಷ್ಟು ಅವಸರವಾ, ನಿನ್ನನ್ನು ಹೆತ್ತ ಹೊಟ್ಟೆಗೆ ಇಷ್ಟು ಬೆಲೆಯಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಹೂವಿನವಳು ತಿರುಗಿ ನೋಡಿದಳು. ಬಿಂದು ನಿಂತು, ನನ್ನ ಕಡೆ ತಿರುಗಿದಳು.

"ಆರು ತಿಂಗ್ಳಿಗೆ ತೇಜು ನನ್ನ ಮರ್ತೋಯ್ತಾಳೆ ಕಣವ್ವ," ಅಂದಳು.

ಬೈಯುವುದನ್ನು ಬಿಟ್ಟು ಅವಳ ಕೈ ಹಿಡಿದು ಮನೆಯ ಕಡೆ ನಡೆದೆ.

ಹಲ್ಲು ಬಂತು. ಡಾಕ್ಟರ್ ಅಂಗುಳಕ್ಕೆ ಒತ್ತಿ ಕೂರಿಸಿ, ಉಜ್ಜಿ, ಮತ್ತೆ ಕೂರಿಸಿ, ಕನ್ನಡಿ ಕೊಟ್ಟಳು. ಬಿಂದು ನಕ್ಕಳು. ಆಣೆಗೂ ಹೇಳುತ್ತೇನೆ, ಮದುವೆಯ ದಿನ ಹೇಗಿದ್ದಳೋ ಹಾಗೇ ಇದ್ದಳು. ಎಷ್ಟು ಲಕ್ಷಣವಾಗಿ ಕಂಡಳೆಂದರೆ ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಮನೆಗೆ ಬಂದವಳೇ ತೇಜುವಿಗೆ ಕಾಲ್ ಮಾಡಿಸಿ ಬಾಯಿ ತೋರಿಸಿದಳು. ಮಗು ಚಪ್ಪಾಳೆ ತಟ್ಟಿತು. ಪುಟ್ಟಮಾದಯ್ಯನವರೂ ಫೋನಿನಲ್ಲಿ ಇಣುಕಿ, ಚೆನ್ನಾಗಿ ಕೂತಿದೆ, ನಾಳೆಯೇ ಬಂದುಬಿಡಲಿ ಅಂದರು. ನನ್ನ ಗಂಡ ತಲೆಯಾಡಿಸಿದರು.

ದೀಪ ಹಚ್ಚುವ ಹೊತ್ತಿಗೆ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದೆ. ಬಿಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದಳು. ಹೆಬ್ಬೆರಳನ್ನು ಬಾಯೊಳಗೆ ಹಾಕಿ ಹಲ್ಲು ತೆಗೆದಳು. ಮತ್ತೆ ಹಾಕಿದಳು. ಮತ್ತೆ ತೆಗೆದಳು. ಪ್ರತಿ ಸಲವೂ ಮೊದಲಿಗಿಂತ ಬೇಗ. ಚುಚ್ಚುತ್ತಿರಬೇಕು ಅಂದುಕೊಂಡು, ಹಾಗೆ ಕೀಳಬೇಡ ಸಡಿಲವಾಗುತ್ತದೆ, ಡಾಕ್ಟರ್ ರಾತ್ರಿ ಮಲಗುವಾಗ ತೆಗಿ ಅಂದಿಲ್ಲವೇನೇ ಅಂತ ಗದರಿದೆ.

"ಅಬ್ಯಾಸ ಮಾಡ್ಕತಾ ಇವ್ನಿ ಕಣವ್ವ," ಅಂದಳು.

"ಎಂತದ್ಕೆ?"

"ಅವ್ರು ಕುಡ್ಕ ಬಂದಾಗ ಬಿರ್‌ನೆ ತಗ್ದು ಮಡಗ್ಬೇಕಲ್ವಾ. ಬ್ರಿಜ್ಜಾದ್ರೆ ಪಕ್ಕದ ಹಲ್ಲೂ ಸೇರ್ಕಂಡೇ ಬಿದ್ದೋಯ್ತವೆ. ತಿರುಪಿಂದು ಅಂದ್ರೆ ದವ್ಡೆನೇ ಕಿತ್ಕ ಬತ್ತದೆ. ಇದಾದ್ರೆ ಏನೂ ಆಗಕಿಲ್ಲ."

ಹಾಲು ಉಕ್ಕದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವವಳ ಹಾಗೆ, ಅಷ್ಟು ಸಮಾಧಾನವಾಗಿ ಹೇಳಿದಳು. ಡಾಕ್ಟರ್ ಮುಂದೆ ಕೂತು ಆ ಮೂರನ್ನೂ ಗಂಡನ ಕೈಯ ಏಟಿಗೆ ಹಿಡಿದು ನೋಡಿ ಆರಿಸಿದ್ದಳು ನನ್ನ ಮಗಳು. ನಾನು ಪಕ್ಕದಲ್ಲೇ ಇದ್ದೆ. ನನಗೆ ತಿಳಿಯಲಿಲ್ಲ.

ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ನೆಲಕ್ಕೆ ಕೂತು ಅವಳ ಎರಡೂ ಮೊಣಕಾಲು ಹಿಡಿದುಕೊಂಡೆ. ಓಗ್ಬ್ಯಾಡ ಕಣೇ ಅಂದೆ. ಬೀದಿಗೆಲ್ಲ ಕೇಳುವ ನನ್ನ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಬಿಂದು ತನ್ನ ದುಪಟ್ಟಾದಲ್ಲಿ ನನ್ನ ಮುಖ ಒರೆಸಿದಳು. ಹಲ್ಲನ್ನು ಬಾಯಿಗೆ ಹಾಕಿಕೊಂಡು, ನಿಡಘಟ್ಟಕ್ಕೆ ಹೋಗಲು ಮದ್ದೂರಿಗೆ ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು.