ಬಸಿಯದ ಬಸ್ಸಾರು

ನಾನು ಒಂದು ಸಿಬ್ಬಲು, ಬಿದಿರು ಸೀಳಿ ಹೆಣೆದ ತಟ್ಟೆ. ಹುಟ್ಟಿದ್ದು ಪಾಂಡವಪುರದಲ್ಲಿ, ಹುಟ್ಟುವಾಗಲೇ ಮೈಯೆಲ್ಲ ತೂತು. ಸೊಪ್ಪು, ಕಾಳು ಬೆಂದ ಪಾತ್ರೆಯ ಬಾಯಿಗೆ ನನ್ನನ್ನು ಒತ್ತಿ ಬಗ್ಗಿಸಿದರೆ ಸೊಪ್ಪು ಒಳಗೇ ಉಳಿದು ಪಲ್ಯವಾಗುತ್ತದೆ, ಬಸಿದ ಕಟ್ಟು ಸಾರಾಗುತ್ತದೆ. ಬಸಿದ ಸಾರು ಜನರ ಬಾಯಲ್ಲಿ ಸವೆದು ಬಸ್ಸಾರು ಆಯಿತು. ಆ ಹೆಸರಿನ ಮೊದಲರ್ಧ ನನ್ನ ದುಡಿಮೆ. ಉಣ್ಣುವವರು ಹೊಗಳುವುದು ಮಾತ್ರ ಮಸಾಲೆಯನ್ನು.

ನನ್ನನ್ನು ಕೊಂಡು ತಂದವರು ಬೋರೇಗೌಡರು. ಅವರ ಹಿರಿಸೊಸೆ ದೇವೀರಮ್ಮ, ಕಿರಿಸೊಸೆ ಪುಷ್ಪಲತ. ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಮನೆ ಪಾಲಾದಾಗ ಅಡುಗೆಮನೆಯ ನಡುವೆ ಎದೆಮಟ್ಟದ ಗೋಡೆ ಎದ್ದಿತು. ದೊಡ್ಡ ಪಾತ್ರೆ, ಮುದ್ದೆ ಕೋಲು, ಮಾವ ದೇವೀರಮ್ಮನ ಪಾಲಿಗೆ. ನಾನು ಪುಷ್ಪಲತಳ ಪಾಲಿಗೆ. ಅವಳು ಬೇಯಿಸುವುದೆಲ್ಲ ಕುಕ್ಕರಿನಲ್ಲಿ, ನಾನೇಕೆ ಬೇಕಿತ್ತು? ವಾರಗಿತ್ತಿಯ ಕಣ್ಣಿಗೆ ಬೀಳಲಿ ಎಂದೇ ಗೋಡೆಗಿಂತ ಎತ್ತರದ ಮೊಳೆಗೆ ನೇತುಹಾಕಿದಳು. ಅವಳನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹಾಸಿಗೆ ಹಿಡಿದ ಮೇಲೆ ಗೌಡರ ಬಾಯಿಗೆ ಬೇರೇನೂ ಸೇರದಾಯಿತು. ಬಸ್ಸಾರು ಕೇಳಿದರು. ದೇವೀರಮ್ಮ ಬೆಂದ ಸೊಪ್ಪನ್ನೆಲ್ಲ ಮಸೆದು ತಂದಿಟ್ಟಳು. ಒಂದು ತುತ್ತು ಉಂಡು ತಟ್ಟೆ ಸರಿಸಿದರು.

"ಇದು ಮಸ್ಸೊಪ್ಪು ಕನವ್ವ. ಬಸೀದೆ ಬಸ್ಸಾರು ಎಲ್ಲಿಂದ ಬಂದದು? ಸಿಬ್ಲು ಇಸ್ಕೊಂಡು ಬಾ."

"ಅವಳತ್ರ ಹೋಗಿ ಕೈ ಚಾಚಕೆ ನನ್ ಕೈಲಾಗಕಿಲ್ಲ ಮಾವ."

ಗೋಡೆಯಾಚೆಯಿಂದ ಪುಷ್ಪಲತ ಅಂದಳು: "ಬಾಯ್ಬಿಟ್ಟು ಕೇಳ್ಲಿ, ಕೊಡ್ತೀನಿ."

ಸಂತೆಯಲ್ಲಿ ಹೊಸ ಸಿಬ್ಬಲು ಸಿಗುತ್ತಿತ್ತು. ಕೊಂಡರೆ ಸೋತಂತೆ ಎಂದು ದೇವೀರಮ್ಮ ಕೊಳ್ಳಲಿಲ್ಲ. ತಟ್ಟೆ ಮುಚ್ಚಿಯಾದರೂ ಬಸಿಯಬಹುದಿತ್ತು. ಹಟಕ್ಕೆ ಬಿದ್ದವಳಿಗೆ ಅದೂ ಬೇಡವಾಯಿತು. ಗೌಡರು ಮಲಗಿದಲ್ಲಿಂದ ನನ್ನನ್ನೇ ನೋಡುತ್ತಿದ್ದರು. ನೋಡುತ್ತಲೇ ಸೊರಗಿದರು, ಶ್ರಾವಣಕ್ಕೆ ಮುಂಚೆ ತೀರಿಕೊಂಡರು.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಗೌಡರಿಗೆ ಬಸ್ಸಾರೆಂದರೆ ಪ್ರಾಣ ಎಂದು ನೆಂಟರೆಲ್ಲ ನೆನಪಿಸಿದರು. ಪುಷ್ಪಲತ ತಾನಾಗಿಯೇ ನನ್ನನ್ನು ಮೊಳೆಯಿಂದ ಇಳಿಸಿ ಗೋಡೆಯ ಮೇಲೆ ಚಾಚಿದಳು. "ತಕಳಕ್ಕ." ದೇವೀರಮ್ಮ ತೆಗೆದುಕೊಂಡಳು. ಒಂದು ತೋಳು ಚಾಚುವಷ್ಟೇ ಕೆಲಸ. ಬಿಸಿ ಕಟ್ಟು ಮೈಮೇಲೆ ಇಳಿಯುವಾಗ ನನಗೆ ಅಸಹ್ಯವಾಯಿತು. ನೆಂಟರು ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ಈಗ ನನ್ನ ಅಂಚು ಬಿಚ್ಚಿದೆ. ಹಿತ್ತಲಲ್ಲಿ ಕೋಳಿ ಮುಚ್ಚುವ ಮಂಕರಿಯ ಮೇಲೆ ಬಿದ್ದಿದ್ದೇನೆ. ವರ್ಷಕ್ಕೊಮ್ಮೆ ಆ ದಿನ ಸೊಸೆಯರಿಬ್ಬರೂ ಸೇರಿ ಬಸ್ಸಾರು ಮಾಡಿ ಮಾವನ ಫೋಟೊದ ಮುಂದೆ ಇಡುತ್ತಾರೆ. ಬಸಿಯುವುದು ಹೊಸ ಸಿಬ್ಬಲಿನಲ್ಲಿ. ಅದನ್ನು ಸಂತೆಯಿಂದ ದೇವೀರಮ್ಮನೇ ಕೊಂಡು ತಂದಳು.